ದೇವರು ಮಂಡಿ ಸಾಹುಕಾರನಲ್ಲ

‘ಅಮ್ಮಾ, ನಿಮ್ಮ ನಂಬಿಕೆ ಸಾಲದು.’

ಈ ನಾಲ್ಕು ಪದ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಅರಸೀಕೆರೆಯಲ್ಲಿ ಕೇಳಿದ್ದೇನೆ, ಬೇಲೂರಿನಲ್ಲಿ ಕೇಳಿದ್ದೇನೆ, ಹಳೇಬೀಡಿನ ಪಕ್ಕದ ಹಳ್ಳಿಯ ಶೀಟಿನ ಮನೆಯೊಂದರಲ್ಲಿ ನಡೆದ ಉಪವಾಸ ಕೂಟದಲ್ಲೂ ಕೇಳಿದ್ದೇನೆ. ಹೇಳುವವರು ಬೇರೆ ಬೇರೆ. ಹೇಳಿಸಿಕೊಳ್ಳುವವರು ಮಾತ್ರ ಎಲ್ಲ ಕಡೆಯೂ ಒಂದೇ ತರದವರು. ಗಂಡ ಹಾಸಿಗೆ ಹಿಡಿದವಳು, ಮೂರನೇ ಬೋರ್‌ವೆಲ್ಲೂ ಬತ್ತಿ ಸಾಲದಲ್ಲಿ ಕೂತವನು, ಹೊಟ್ಟೆಯಲ್ಲಿದ್ದ ಮಗುವನ್ನು ಕಳಕೊಂಡವಳು. ದುಡ್ಡಿದ್ದೋರಿಗೆ, ದೊಡ್ಡ ಕಾಣಿಕೆ ಹಾಕೋರಿಗೆ ಯಾರಾದರೂ ‘ನಿಮ್ಮ ನಂಬಿಕೆ ಸಾಲದು’ ಅಂದದ್ದನ್ನು ನಾನಂತೂ ಇವತ್ತಿನವರೆಗೂ ಕೇಳಿಲ್ಲ. ಅವರಿಗೆ ಶುಗರ್ ಬಂದರೆ ಅದು ವಯಸ್ಸು. ಬಡವರಿಗೆ ಬಂದರೆ ಅದು ಶಾಪ.

ಮೊದಲೇ ಹೇಳಿಬಿಡ್ತೀನಿ, ಇದು ಹೊರಗಿನವನ ಟೀಕೆ ಅಲ್ಲ. ನಾನು ಕ್ರೈಸ್ತ. ಹುಟ್ಟಿದ್ದು ಅರಸೀಕೆರೆಯಲ್ಲಿ, ತಾತ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಬೇಲೂರಿನಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಭಾನುವಾರ ಆರಾಧನೆಗೆ ಹೋಗ್ತೀನಿ, ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡ್ತೀನಿ. ಕಷ್ಟದಲ್ಲಿ ದೇವರನ್ನು ನಂಬಬೇಡಿ ಅಂತ ನಾನು ಹೇಳ್ತಾ ಇಲ್ಲ. ಕಷ್ಟದಲ್ಲಿ ದೇವರನ್ನು ನಂಬೋದು ಅಂದರೆ ಏನು ಅನ್ನುವುದರ ಅರ್ಥವನ್ನೇ ಕೆಲವರು ಕೆಡಿಸಿಬಿಟ್ಟಿದ್ದಾರೆ, ಅದಕ್ಕೆ ಈ ಜಗಳ. ಮನೆಯೊಳಗಿನ ಜಗಳ. ಮನೆಯವರೇ ಆಡದಿದ್ದರೆ ಇನ್ಯಾರು ಆಡಬೇಕು?

ನಮ್ಮೂರು ಕೊಬ್ಬರಿ ಮಂಡಿಯ ಊರು. ಮಂಡಿಯ ಲೆಕ್ಕ ಎಲ್ಲರಿಗೂ ಗೊತ್ತು. ಇಷ್ಟು ಕ್ವಿಂಟಾಲ್ ತಂದರೆ ಇಷ್ಟು ದುಡ್ಡು, ತೂಕ ಕಡಿಮೆ ಬಂದರೆ ದುಡ್ಡೂ ಕಡಿಮೆ. ಈ ಬೋಧಕರು ದೇವರನ್ನು ತಂದು ಮಂಡಿ ಸಾಹುಕಾರನ ಜಾಗದಲ್ಲಿ ಕೂರಿಸಿದ್ದಾರೆ. ನಂಬಿಕೆ ತೂಗಿ ಕೊಡಿ, ಆಶೀರ್ವಾದ ತೂಗಿಸಿಕೊಂಡು ಹೋಗಿ. ಆಶೀರ್ವಾದ ಬರಲಿಲ್ಲವಾ? ಹಾಗಾದರೆ ನೀವು ತಂದ ಮಾಲೇ ಕಡಿಮೆ. ಈ ತಕ್ಕಡಿ ಯಾರ ಕೈಲಿದೆ ಅಂತ ಸ್ವಲ್ಪ ನೋಡಿ. ದೇವರ ಕೈಲಿಲ್ಲ, ರೋಗಿಯ ಕೈಲಂತೂ ಇಲ್ಲವೇ ಇಲ್ಲ. ಮೈಕು ಹಿಡಿದವರ ಕೈಲಿದೆ.

ನಿಜ ಹೇಳಬೇಕೂಂದ್ರೆ ಮಂಡಿಯೇ ಇಷ್ಟು ಸರಳವಾಗಿಲ್ಲ. 2023ನೇ ಇಸವಿ ನೆನಪು ಮಾಡಿಕೊಳ್ಳಿ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಕ್ಕಿದ್ದು 8 ಸಾವಿರದ ಆಸುಪಾಸು. ಉಂಡೆ ಕೊಬ್ಬರಿ ಅಂದರೆ ಇವತ್ತು ಕಿತ್ತು ನಾಳೆ ಮಾರೋ ಪದಾರ್ಥವಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಹಾಗೆ ಕಾದ ರೈತನಿಗೆ ಆ ಬೆಲೆ. ಅವನ ಕೊಬ್ಬರಿ ಕಳಪೆಯಾಗಿತ್ತಾ? ಇಲ್ಲ. ದುಡಿಮೆ ಕಡಿಮೆಯಾಗಿತ್ತಾ? ಅದೂ ಇಲ್ಲ. ಅದೇ ವರ್ಷ ಮುಂಗಾರೂ ಕೈಕೊಟ್ಟು ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಹಿಂದೂಗಳು, ಮುಸ್ಲಿಮರು, ಜೈನರು, ಕ್ರೈಸ್ತರು ಎಲ್ಲರೂ ಇರುವ 223 ತಾಲ್ಲೂಕು. ಅಷ್ಟೂ ಜನರ ನಂಬಿಕೆ ಒಂದೇ ವರ್ಷ, ಒಟ್ಟಿಗೇ ಕಡಿಮೆ ಆಗಿಹೋಯಿತಾ?

ಅಂಥ ಹೊತ್ತಿನಲ್ಲೇ ‘ಬೀಜದ ಕಾಣಿಕೆ’ ಕೇಳೋ ಬೋಧಕರು ಬರ್ತಾರೆ. ಸಾವಿರ ಬಿತ್ತಿದರೆ ನೂರರಷ್ಟು ಫಲ. ಬಿತ್ತನೆ ಅಂದರೆ ಏನು ಅಂತ ತೆಂಗು ಬೆಳೆಯೋನಿಗೆ ಇವರು ಪಾಠ ಹೇಳಬೇಕೇ? ಸಸಿ ನೆಟ್ಟವನು ಫಲ ಕಾಣೋಕೆ ಏಳೆಂಟು ವರ್ಷ ಬಿಂದಿಗೆಯಲ್ಲಿ ನೀರು ಹೊತ್ತಿರುತ್ತಾನೆ. ಅಷ್ಟಾದ ಮೇಲೂ ಸುಳಿ ಒಣಗಿ ಮರ ಸತ್ತರೆ ಬೇರೆ ಸಸಿ ನೆಡುತ್ತಾನೆ. ಅವನ ಹತ್ತಿರ ನಂಬಿಕೆ ಕಲಿಯೋಕೆ ಇವರು ಬರಬೇಕಿತ್ತು. ಬಂದದ್ದು ಅವನ ಜೇಬಿಗೆ ಕೈ ಹಾಕೋಕೆ.

ನಮ್ಮ ಸೀಮೆಯಲ್ಲಿ ಬೆಳೆದವರಿಗೆ ಈ ತಕ್ಕಡಿ ಲೆಕ್ಕ ಸುಳ್ಳು ಅಂತ ತಿಳಿಯೋಕೆ ದೊಡ್ಡ ದೇವಶಾಸ್ತ್ರವೇನೂ ಬೇಡ. ಬೇಲೂರಿನಲ್ಲಿ ಹಳೇಬೀಡಿನ ಬಸ್ ಹತ್ತಿದರೆ ಸಾಕು. ಹದಿನಾರು ಕಿಲೋಮೀಟರ್ ದಾರಿ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು, ವಿಷ್ಣುವರ್ಧನ ಕಟ್ಟಿಸಿದ್ದು. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಶುರುವಾದದ್ದು ಅದಾದ ನಾಲ್ಕೈದು ವರ್ಷಕ್ಕೆ, ಅದೇ ಅರಸನ ಕಾಲದಲ್ಲಿ. ಅದೇ ರಾಜ್ಯ, ಅದೇ ಬಳಪದ ಕಲ್ಲು, ಅದೇ ಕಾಲದ ಶಿಲ್ಪಿಗಳು. ಬೇಲೂರಿನಲ್ಲಿ ಒಂಬತ್ತು ಶತಮಾನ ದಾಟಿದರೂ ಪೂಜೆ, ರಥೋತ್ಸವ ನಡೀತಾ ಇವೆ. ಅತ್ತ ದೋರಸಮುದ್ರಕ್ಕೆ 1311ರಲ್ಲಿ ಮಲಿಕ್ ಕಾಫೂರನ ದಂಡು ಬಂತು, ಆಮೇಲೂ ದಾಳಿಗಳಾದವು, ರಾಜಧಾನಿ ಹಾಳುಬಿತ್ತು, ಕೊನೆಗೆ ಊರಿನ ಹೆಸರೇ ಹಳೇಬೀಡು ಆಯಿತು. ಇವರ ಲೆಕ್ಕದಂತೆ ನೋಡಿದರೆ ಬೇಲೂರಿನ ಶಿಲ್ಪಿಯ ಭಕ್ತಿ ತೂಕಕ್ಕೆ ಸರಿ ಬಂತು, ಹಳೇಬೀಡಿನವನದ್ದು ಕಡಿಮೆ ಬಂತು ಅನ್ನಬೇಕು. ಅಂಥ ಮಾತನ್ನು ಯಾವ ಬುದ್ಧಿ ಇದ್ದವನಾದರೂ ಆಡ್ತಾನಾ? ರಾಜಧಾನಿಯಾಗಿತ್ತು, ಐಶ್ವರ್ಯ ಇತ್ತು, ದಂಡು ಅಲ್ಲಿಗೆ ಬಂತು. ಇತಿಹಾಸಕ್ಕೆ ಅದರದ್ದೇ ಕಾರಣಗಳಿರುತ್ತವೆ.

ಮಳೆಯ ಕಥೆಯೂ ಅಷ್ಟೇ. ಪಡುವಣದ ಮೋಡ ಘಟ್ಟ ಹತ್ತಿ ಸಕಲೇಶಪುರದಲ್ಲಿ ಸುರಿದು, ಬೇಲೂರಿಗೆ ಒಂದಿಷ್ಟು ಕೊಟ್ಟು, ಅರಸೀಕೆರೆಗೆ ಬರುವಷ್ಟರಲ್ಲಿ ಬರೀ ಗಾಳಿಯಾಗಿರುತ್ತದೆ. ಅದಕ್ಕೇ ಬೇಲೂರಿನ ಕಡೆ ಕಾಫಿ, ಮೆಣಸು. ಅರಸೀಕೆರೆ ಕಡೆ ರಾಗಿ, ತೆಂಗು, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಬೇಲೂರಿನ ಕ್ರೈಸ್ತನ ನಂಬಿಕೆ ಅರಸೀಕೆರೆಯವನಿಗಿಂತ ದೊಡ್ಡದೇನಲ್ಲ, ಅವನಿಗೆ ಮಳೆ ಜಾಸ್ತಿ, ಅಷ್ಟೇ. ಹಾಗಂತ ಅವನು ಸುಖವಾಗಿದ್ದಾನೆ ಅನ್ನಬೇಡಿ. ಮಳೆ ಜೊತೆಗೆ ಅವನಿಗೆ ಕಾಡಾನೆಯೂ ಬಂದಿದೆ. ಬೆಳಿಗ್ಗೆ ತೋಟಕ್ಕೆ ಕೂಲಿಗೆ ಹೋದವರು ಸಂಜೆ ವಾಪಸ್ ಬರ್ತಾರೋ ಇಲ್ಲವೋ ಅಂತ ಹೆದರುವ ಮನೆಗಳು ಆ ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ಆನೆಯಿಂದ ಸತ್ತವನ ಹೆಂಡತಿಗೂ ಹೋಗಿ ‘ನಂಬಿಕೆ ಸಾಲದು’ ಅಂತೀರಾ?

ಸರಿ, ಬೈಬಲ್ಲಿಗೇ ಬರೋಣ. ಮಾತೆತ್ತಿದರೆ ವಾಕ್ಯ, ವಾಕ್ಯ ಅನ್ನುವವರು ಇವರೇ ತಾನೇ?

ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತಾಗ, ಸತ್ತವರು ಊರಿನ ಬೇರೆಯವರಿಗಿಂತ ದೊಡ್ಡ ಪಾಪಿಗಳೇನಲ್ಲ ಎಂದು ಯೇಸು ಖಡಾಖಂಡಿತವಾಗಿ ಹೇಳಿದ್ದು ಲೂಕನ ಸುವಾರ್ತೆಯಲ್ಲಿದೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಇವನದ್ದೋ ಇವನ ಅಪ್ಪ ಅಮ್ಮನದ್ದೋ ಎಂದು ವಿಚಾರಣೆಗೆ ಕೂತಾಗ, ಎರಡೂ ಅಲ್ಲ ಎಂದದ್ದು ಯೋಹಾನನಲ್ಲಿದೆ. ಪೌಲ ತನ್ನ ಶರೀರದಲ್ಲಿ ನಾಟಿದ್ದ ಮುಳ್ಳು ಹೋಗಲಿ ಎಂದು ಮೂರು ಸಾರಿ ಬೇಡಿಕೊಂಡ, ಹೋಗಲಿಲ್ಲ. ಹೊಟ್ಟೆಯ ತೊಂದರೆ ಇದ್ದ ತಿಮೊಥೆಯನಿಗೆ ಅವನು ಬರೆದದ್ದು ಉಪವಾಸ ಮಾಡು ಅಂತಲ್ಲ, ಸ್ವಲ್ಪ ದ್ರಾಕ್ಷಾರಸ ತಗೋ ಅಂತ. ಆ ಕಾಲಕ್ಕೆ ಅದೇ ಔಷಧಿ. ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದೆ ಎಂದೂ ಬರೆದಿದ್ದಾನೆ. ತ್ರೊಫಿಮನ ನಂಬಿಕೆ ಎಷ್ಟು ಕಡಿಮೆ ಇತ್ತು ಅಂತ ಒಂದು ಸಾಲೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಗೆತ್ಸೇಮನೆಯ ತೋಟದಲ್ಲಿ ಕ್ರಿಸ್ತನೇ ಮೊಣಕಾಲೂರಿ, ಈ ಪಾತ್ರೆ ತನ್ನಿಂದ ದಾಟಿಹೋಗಲಿ ಎಂದು ಬೇಡಿದ. ದಾಟಿಹೋಗಲಿಲ್ಲ. ಮಾರನೇ ದಿನ ಶಿಲುಬೆ. ಹೇಳಿ, ಅವನ ನಂಬಿಕೆಯೂ ಸಾಲದಾಯಿತಾ?

ಯೋಬನ ಸ್ನೇಹಿತರನ್ನು ನೋಡಿ. ಎಲೀಫಜ, ಬಿಲ್ದದ, ಚೋಫರ. ಮಕ್ಕಳು ಸತ್ತು, ಆಸ್ತಿ ಹೋಗಿ, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತವನ ಪಕ್ಕದಲ್ಲಿ ಮೊದಲ ಏಳು ದಿನ ಅವರು ಮಾತಿಲ್ಲದೆ ಕೂತರು. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಎಂಟನೇ ದಿನದಿಂದ ಬಾಯಿ ಬಿಟ್ಟರು ನೋಡಿ, ಏನೋ ತಪ್ಪು ಮಾಡಿರ್ತೀಯ, ಇಲ್ಲಾಂದ್ರೆ ಹೀಗೆ ಯಾಕಾಗುತ್ತೆ ಅಂತ ಅಧ್ಯಾಯದ ಮೇಲೆ ಅಧ್ಯಾಯ. ಕೊನೆಗೆ ದೇವರಿಗೆ ಸಿಟ್ಟು ಬಂದದ್ದು ದೇವರ ಮೇಲೇ ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಈ ಮೂವರ ಮೇಲೆ. ನಲವತ್ತೆರಡು ಅಧ್ಯಾಯದ ಆ ಪುಸ್ತಕ ಇರೋದೇ ಈ ತಕ್ಕಡಿಯನ್ನು ಮುರಿಯೋಕೆ. ಅದನ್ನು ಓದಿಯೂ ನಮ್ಮ ಸಭೆಗಳಲ್ಲಿ ಎಲೀಫಜನ ವಂಶ ಬೆಳೀತಾನೇ ಇದೆ.

ಇದು ಬರೀ ವಾದದ ವಿಷಯ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ನಮ್ಮ ದೊಡ್ಡಮ್ಮನಿಗೆ ಹದಿನಾಲ್ಕು ವರ್ಷದಿಂದ ಶುಗರ್ ಇತ್ತು. ಮಾತ್ರೆ, ಆಮೇಲೆ ಇನ್ಸುಲಿನ್. ಕಾಲಿನ ಹೆಬ್ಬೆರಳ ಹತ್ತಿರ ಒಂದು ಹುಣ್ಣು ಮಾಯದೆ ಉಳಿದಿತ್ತು. ಹೊರಗಿನಿಂದ ಬಂದಿದ್ದ ಒಬ್ಬ ಬೋಧಕರು (ಹೆಸರೂ ಬೇಡ, ಸಂಸ್ಥೆಯೂ ಬೇಡ) ಸ್ವಸ್ಥತಾ ಕೂಟದಲ್ಲಿ ಅವರ ತಲೆ ಮೇಲೆ ಕೈಯಿಟ್ಟು, ನಿಮಗೆ ಬಿಡುಗಡೆ ಆಗಿದೆ, ಇನ್ನು ಸೂಜಿ ಚುಚ್ಚಿಕೊಂಡರೆ ದೇವರನ್ನು ಸುಳ್ಳುಗಾರ ಮಾಡಿದ ಹಾಗೆ ಅಂದರು. ದೊಡ್ಡಮ್ಮ ಅದನ್ನು ನಂಬಿದರು. ತುಂಬ ಚೆನ್ನಾಗಿ ನಂಬಿದರು. ಇನ್ಸುಲಿನ್ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ತಿಪ್ಪೆಗೆ ಹಾಕಿದರು. ಅವರ ಮಗಳು, ನನ್ನ ತಂಗಿ ಆಗಬೇಕು, ಹೆದರಿ ಉಳಿದಿದ್ದ ಮಾತ್ರೆಯನ್ನು ಪುಡಿ ಮಾಡಿ ಎರಡು ದಿನ ಮಜ್ಜಿಗೆಯಲ್ಲಿ ಕಲಸಿ ಕೊಟ್ಟಳು. ಮೂರನೇ ದಿನ ಸಿಕ್ಕಿಬಿದ್ದಳು, ಅಲ್ಲಿಗೆ ಅದೂ ನಿಂತಿತು. ಹುಣ್ಣು ಕೊಳೆಯಿತು, ಪಾದ ಕಪ್ಪಾಯಿತು. ಹಾಸನಕ್ಕೆ ಕರಕೊಂಡು ಹೋಗುವಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. ಕಾಲು ತೆಗೆದರು. ಹನ್ನೊಂದನೇ ದಿನ ದೊಡ್ಡಮ್ಮ ಹೋದರು.

ಮಣ್ಣು ಮುಗಿದ ಮೇಲೆ ಅದೇ ಕೂಟದವರು ಮನೆಗೆ ಬಂದರು. ಸಾಂತ್ವನ ಹೇಳೋಕೆ ಅಂತ ಅಂದುಕೊಂಡ್ವಿ. ಮಗಳನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟು: ಅಮ್ಮನ ನಂಬಿಕೆ ಗಟ್ಟಿಯಾಗಿತ್ತು, ಆದರೆ ಮನೆಯೊಳಗೆ ಅಪನಂಬಿಕೆ ಇತ್ತು. ಮಜ್ಜಿಗೆಯ ವಿಷಯ ಅವರಿಗೆ ಗೊತ್ತಾಗಿತ್ತು.

ಆ ಹುಡುಗಿಗೆ ಈಗ ಮೂವತ್ತರ ಮೇಲಾಗಿದೆ. ಅಮ್ಮನನ್ನು ಉಳಿಸೋಕೆ ಆ ಮನೆಯಲ್ಲಿ ಯಾರಾದರೂ ಏನಾದರೂ ಮಾಡಿದ್ದರೆ ಅದು ಅವಳೊಬ್ಬಳೇ. ಅಮ್ಮನನ್ನು ಕೊಂದದ್ದು ತಾನೇ ಅಂತ ಇವತ್ತಿಗೂ ಅಂದುಕೊಂಡಿರೋದೂ ಅವಳೊಬ್ಬಳೇ. ಬಂಧುಗಳ ಮದುವೆಗೆ ಬಂದರೆ ಗುಡಿಯ ಒಳಗೆ ಬರಲ್ಲ, ಗೇಟಿನ ಹತ್ತಿರ ಚಪ್ಪಲಿ ಕಾಯೋರ ಹಾಗೆ ನಿಂತಿರ್ತಾಳೆ. ಒಂದು ಮಾತು ಒಂದು ಜೀವವನ್ನು ತೆಗೆಯಿತು, ಇನ್ನೊಂದು ಜೀವದಿಂದ ದೇವರನ್ನು ತೆಗೆಯಿತು. ಇದಕ್ಕೆ ಯಾವ ಕೋರ್ಟಿನಲ್ಲಿ ಕೇಸು ಹಾಕೋದು?

ಇಂಥದ್ದನ್ನು ಹೇಳಿದಾಗ ಬರುವ ಉತ್ತರಗಳು ನನಗೆ ಬಾಯಿಪಾಠ ಆಗಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು: ನಿನ್ನ ನಂಬಿಕೆಯೇ ವಾಸಿ ಮಾಡಿತು ಅಂತ ಯೇಸು ಎಷ್ಟೋ ಜನರಿಗೆ ಹೇಳಿದ್ದಾನಲ್ಲ? ಹೇಳಿದ್ದಾನೆ. ಆದರೆ ಹೇಳಿದ್ದು ವಾಸಿಯಾದವರಿಗೆ, ಅವರನ್ನು ಎತ್ತಿ ನಿಲ್ಲಿಸೋಕೆ. ವಾಸಿಯಾಗದೆ ನರಳುತ್ತಿದ್ದವರ ಬಳಿ ಹೋಗಿ ನಿನ್ನ ನಂಬಿಕೆ ಸಾಲದ್ದಕ್ಕೇ ಹೀಗಾಯಿತು ಎಂದ ಒಂದು ಪ್ರಸಂಗ ತೋರಿಸಿ. ಮೂರ್ಛೆರೋಗದ ಹುಡುಗನ ಕಥೆಯನ್ನು ಮತ್ತಾಯ, ಮಾರ್ಕ ಇಬ್ಬರೂ ಬರೆದಿದ್ದಾರೆ. ಶಿಷ್ಯರ ಕೈಲಿ ಆ ಹುಡುಗನನ್ನು ವಾಸಿ ಮಾಡೋಕೆ ಆಗಲಿಲ್ಲ. ಯಾಕಾಗಲಿಲ್ಲ ಅಂತ ಅವರು ಕೇಳಿದಾಗ ನಂಬಿಕೆ ಕಡಿಮೆ ಅಂತ ಯೇಸು ಬೈದದ್ದು ಹುಡುಗನಿಗಲ್ಲ, ಅವನಪ್ಪನಿಗೂ ಅಲ್ಲ, ಶಿಷ್ಯರಿಗೆ. ಅಂದರೆ ಕೈಯಿಟ್ಟು ಪ್ರಾರ್ಥನೆ ಮಾಡಲು ಹೋದವರಿಗೆ! ಆ ಅಪ್ಪನಂತೂ ನಂಬ್ತೀನಿ, ಆದರೆ ನನ್ನಲ್ಲಿ ಅಪನಂಬಿಕೆಯೂ ಇದೆ ಅಂತ ಬಾಯಿಬಿಟ್ಟು ಒಪ್ಪಿಕೊಂಡ. ಮಗ ವಾಸಿಯಾದ. ಆ ಪ್ರಕಾರ ನಮ್ಮೂರಿನ ಕೂಟಗಳಲ್ಲಿ ರೋಗಿ ವಾಸಿಯಾಗದಿದ್ದರೆ ಯಾರ ನಂಬಿಕೆಯನ್ನು ಪರೀಕ್ಷೆ ಮಾಡಬೇಕು? ಮೈಕು ಹಿಡಿದವರು ಯೋಚನೆ ಮಾಡಲಿ.

ಎರಡನೆಯದು: ನಜರೇತಿನಲ್ಲಿ ಜನರ ಅಪನಂಬಿಕೆಯಿಂದ ಅವನು ಹೆಚ್ಚು ಅದ್ಭುತ ಮಾಡಲಾಗಲಿಲ್ಲವಲ್ಲ? ನಿಜ. ಆದರೆ ಅಲ್ಲಿ ಅಪನಂಬಿಕೆ ತೋರಿದವರು, ಬಡಗಿಯ ಮಗನಿಗೆ ಇದೆಲ್ಲ ಎಲ್ಲಿಂದ ಬಂತು ಅಂತ ಮೂಗು ಮುರಿದ ಊರಿನವರು. ಆ ಊರಿನಲ್ಲೂ ಕೆಲವು ರೋಗಿಗಳ ಮೇಲೆ ಕೈಯಿಟ್ಟು ವಾಸಿ ಮಾಡಿಯೇ ಹೋದ ಅಂತ ಅದೇ ಜಾಗದಲ್ಲಿ ಬರೆದಿದೆ.

ಮೂರನೆಯದು: ಹಾಗಾದರೆ ನೀವು ಪವಾಡವನ್ನೇ ನಂಬಲ್ವಾ? ನಂಬ್ತೀನಿ ಸ್ವಾಮಿ. ದೇವರು ವಾಸಿ ಮಾಡಬಲ್ಲ ಅಂತ ನಂಬಿಯೇ ರೋಗಿಗಳಿಗೋಸ್ಕರ ಪ್ರಾರ್ಥನೆ ಮಾಡ್ತೀನಿ. ಆದರೆ ಪವಾಡ ಅಂದರೆ ಬಾಕಿ ವಸೂಲಿ ಅಲ್ಲ. ದೇವರ ಕೃಪೆಯನ್ನು ನನ್ನ ನಂಬಿಕೆಯ ರಸೀದಿ ತೋರಿಸಿ ಕೇಳುವುದಾದರೆ ಅದಕ್ಕೆ ಕೃಪೆ ಅನ್ನೋ ಹೆಸರು ಯಾಕೆ?

ಮಾತ್ರೆ ನುಂಗಿದರೆ ನಂಬಿಕೆ ಕಡಿಮೆ ಅನ್ನುವವರು ನಮ್ಮದೇ ಸೀಮೆಯ ಕ್ರೈಸ್ತರ ಚರಿತ್ರೆ ಓದಿಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು ಕೆಲಸ ಮಾಡಿದ ಫ್ರೆಂಚ್ ಪಾದ್ರಿ ಅಬ್ಬೆ ಡುಬಾಯ್. ಸಿಡುಬು ಊರೂರನ್ನೇ ತಿನ್ನುತ್ತಿದ್ದ ಕಾಲ ಅದು. ಆ ಮನುಷ್ಯ ಜಪಮಾಲೆ ಹಿಡಿದು ಕೂತಿರಲಿಲ್ಲ. ಆಗಷ್ಟೇ ಯೂರೋಪಿನಿಂದ ಬಂದಿದ್ದ ಹೊಸ ದಾಕು ಹಾಕಿಸುವ ಕೆಲಸಕ್ಕೆ ಇಳಿದ. 1803-04ರಲ್ಲಿ ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನಕ್ಕೆ ದಾಕು ಹಾಕಿಸಿದ ಲೆಕ್ಕ ಅವನ ಹೆಸರಿನಲ್ಲಿದೆ. ದೇವರ ಮೇಲೆ ನಂಬಿಕೆ ಇಲ್ಲದೆ ಮಾಡಿದನಾ? ಇದ್ದದ್ದಕ್ಕೇ ಮಾಡಿದ.

1876ರಿಂದ 78ರವರೆಗೆ ಬಿದ್ದ ಧಾತು-ಈಶ್ವರ ಸಂವತ್ಸರಗಳ ಬರವನ್ನು ನೋಡಿ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50 ಲಕ್ಷ ದಾಟಿತ್ತು, 1881ರಲ್ಲಿ ಎಣಿಸಿದಾಗ 42 ಲಕ್ಷಕ್ಕೆ ಇಳಿದಿತ್ತು. ಆ ಸತ್ತವರ ಮಕ್ಕಳನ್ನು ಕರೆತಂದು ಮಿಷನ್‌ನವರು ಅನಾಥಾಲಯಗಳನ್ನು ನಡೆಸಿದರು. ನಮ್ಮಲ್ಲಿ ಎಷ್ಟೋ ಮನೆತನಗಳು ಶುರುವಾದದ್ದೇ ಅಂಥ ಬರದ ಮಕ್ಕಳಿಂದ. ಆ ಮಕ್ಕಳ ಮುಂದೆ ಯಾರೋ ಒಬ್ಬರು ಗಂಜಿಯ ತಟ್ಟೆ ಇಟ್ಟರು. ಗಂಜಿಗೆ ಮುಂಚೆ ನಂಬಿಕೆಯ ತೂಕ ನೋಡಿದ್ದರೆ ಇವತ್ತು ಈ ಸಭೆಗಳಲ್ಲಿ ಕೂರೋಕೆ ಜನ ಇರುತ್ತಿರಲಿಲ್ಲ.

ಆಸ್ಪತ್ರೆಗಳ ಹೆಸರನ್ನೇ ಗಮನಿಸಿ. ಹಾಸನದಲ್ಲಿ ರೆಡ್‌ಫರ್ನ್ ಮೆಮೋರಿಯಲ್, ಮೈಸೂರಿನಲ್ಲಿ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಮೆಮೋರಿಯಲ್. ಮೈಸೂರಿನದ್ದು ಮೇರಿ ಹೋಲ್ಡ್ಸ್‌ವರ್ತ್ ಎಂಬ ಹೆಂಗಸಿನ ನೆನಪಿಗೆ ಕಟ್ಟಿದ್ದು. ‘ಮೆಮೋರಿಯಲ್’ ಅಂದರೇನು? ಯಾರೋ ಒಬ್ಬರು ಹೋಗಿದ್ದಾರೆ. ಅವರಿಗೋಸ್ಕರ ಪ್ರಾರ್ಥನೆ ಮಾಡಿದವರೂ ಇದ್ದಿರಬೇಕು. ಆದರೂ ಹೋದರು. ಉಳಿದವರು ಸತ್ತವರ ನಂಬಿಕೆ ಅಳೆಯುತ್ತ ಕೂರಲಿಲ್ಲ, ಬೇರೆಯವರ ತಾಯಂದಿರಾದರೂ ಬದುಕಲಿ ಅಂತ ಆಸ್ಪತ್ರೆ ಎಬ್ಬಿಸಿದರು. ಕಷ್ಟದಲ್ಲಿ ದೇವರನ್ನು ನಂಬೋದು ಅಂದರೆ ಹೀಗಿರುತ್ತೆ. ಇಟ್ಟಿಗೆ, ಸುಣ್ಣ, ಮಂಚ, ಬ್ಯಾಂಡೇಜು.

ನಮ್ಮ ಜಿಲ್ಲೆಯ ಶೆಟ್ಟಿಹಳ್ಳಿಯ ಪಾಳುಬಿದ್ದ ಇಗರ್ಜಿಯ ಫೋಟೋ ನೋಡದವರಿಲ್ಲ. ಮಳೆಗಾಲದಲ್ಲಿ ಮುಳುಗುತ್ತೆ, ಬೇಸಿಗೆಯಲ್ಲಿ ಮೇಲೆ ಬರುತ್ತೆ. ಜೋಡಿಗಳು ಫೋಟೋ ತೆಗೆಸಿಕೊಳ್ಳೋಕೆ ಬರ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ಗುಡಿಯಲ್ಲಿ ತಲೆಮಾರುಗಳ ಜನ ಮೊಣಕಾಲೂರಿದ್ದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದರು, ನೀರು ಬಂತು. ಊರಿನವರ ಪ್ರಾರ್ಥನೆಗೆ ನೀರು ನಿಲ್ಲಲಿಲ್ಲ. ಮನೆ, ಗದ್ದೆ, ಗುಡಿ ಬಿಟ್ಟು ಎದ್ದುಹೋದರು, ಬೇರೆ ಕಡೆ ನೆಲೆ ನಿಂತರು, ಅಲ್ಲೂ ಪ್ರಾರ್ಥನೆ ಮಾಡಿದರು. ಅವರ ದೇವರು ಅಣೆಕಟ್ಟನ್ನು ತಡೆಯುವ ದೇವರಾಗಿದ್ದರೆ ಅವತ್ತೇ ಮುಳುಗಿಹೋಗುತ್ತಿದ್ದ. ಗುಡಿ ಬಿಟ್ಟು ಹೊರಟವರ ಜೊತೆ ಗಂಟುಮೂಟೆ ಹೊತ್ತು ನಡೆದ ದೇವರಾದ್ದರಿಂದ ಉಳಿದ.

ಇನ್ನೊಂದು ಕಷ್ಟದ ಮಾತನ್ನೂ ಆಡಲೇಬೇಕು. 2021ರ ನವೆಂಬರ್‌ನಲ್ಲಿ ಬೇಲೂರಿನಲ್ಲಿ ಭಾನುವಾರದ ಪ್ರಾರ್ಥನೆ ನಡೆಯುತ್ತಿದ್ದ ಜಾಗಕ್ಕೆ ಒಂದು ಗುಂಪು ನುಗ್ಗಿ ಅಡ್ಡಿಪಡಿಸಿದ ಸುದ್ದಿ ರಾಜ್ಯಕ್ಕೆಲ್ಲ ಗೊತ್ತಾಯಿತು. ಮರುವರ್ಷ ಬಂದ ಮತಾಂತರ ನಿಷೇಧ ಕಾಯ್ದೆಯಲ್ಲಿ ‘ಆಮಿಷ’ ಎಂಬ ಪದಕ್ಕೆ ಕೊಟ್ಟ ಅರ್ಥದೊಳಗೆ ಉತ್ತಮ ಜೀವನದ ಭರವಸೆ, ದೈವಕೋಪದ ಮಾತು ಎರಡೂ ಸೇರಿದ್ದವು. ಪ್ರಾರ್ಥನೆಗೆ ನುಗ್ಗುವ ಹಕ್ಕು ಯಾರಿಗೂ ಇಲ್ಲ, ಆ ಕಾಯ್ದೆಯನ್ನೂ ನಾನು ಒಪ್ಪುವುದಿಲ್ಲ. ನನ್ನ ದೇವರನ್ನು ಆರಿಸಿಕೊಳ್ಳೋದು ತಹಶೀಲ್ದಾರರ ಕಚೇರಿಯ ವಿಷಯವಲ್ಲ. ಆದರೆ ನಮ್ಮೊಳಗೆ ಒಂದು ಮಾತು ಕೇಳಿಕೊಳ್ಳೋಣ. ನಂಬಿದರೆ ಸಾಲ ತೀರುತ್ತೆ, ಕಾಯಿಲೆ ಹೋಗುತ್ತೆ, ನಂಬದಿದ್ದರೆ ಶಾಪ ತಟ್ಟುತ್ತೆ ಅಂತ ನಾವೇ ನಮ್ಮ ಜನಕ್ಕೆ ಹೇಳ್ತಾ ಬಂದರೆ ಅದು ಆಮಿಷವಲ್ಲದೆ ಮತ್ತೇನು? ಕಾನೂನು ಕೇಳುವ ಮೊದಲು ಕ್ರಿಸ್ತನೇ ನಮ್ಮನ್ನು ಇದನ್ನು ಕೇಳಬೇಕು. ಅವನು ಹಿಂದೆ ಬರುವವರಿಗೆ ಶಿಲುಬೆ ಹೊತ್ತು ಬನ್ನಿ ಅಂದಿದ್ದ. ಸೈಟು, ಕಾರು, ಫಾರಿನ್ ವೀಸಾ ಅಂತ ಅಂದಿರಲಿಲ್ಲ.

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನ ವಚನದ ಕಾರ್ಡು ಹಂಚ್ತಾರಲ್ಲ, ಗಮನಿಸಿದ್ದೀರಾ? ಎಲ್ಲ ಆಶೀರ್ವಾದ, ಎಲ್ಲ ಹೆಚ್ಚಳ. ನೂರೈವತ್ತು ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿನಷ್ಟು ಗೋಳಿನ ಹಾಡುಗಳು. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅದನ್ನು ಯಾರೂ ಕಾರ್ಡಿನಲ್ಲಿ ಅಚ್ಚು ಹಾಕಲ್ಲ. ಹಬಕ್ಕೂಕನ ಪುಸ್ತಕದಿಂದ, ಬೆಳೆ ಹೋಗಿ ಹಟ್ಟಿ ಬರಿದಾದರೂ ದೇವರಲ್ಲಿ ಆನಂದಪಡುವ ಕೊನೆಯ ಭಾಗವನ್ನು ಮಾತ್ರ ಕಿತ್ತುಕೊಳ್ಳುತ್ತೇವೆ. ಆ ಪುಸ್ತಕ ಶುರುವಾಗೋದು ಎಷ್ಟು ದಿನ ಕೂಗಲಿ, ಯಾಕೆ ಕೇಳಿಸಿಕೊಳ್ಳಲ್ಲ ಅನ್ನೋ ಜಗಳದಿಂದ. ಜಗಳ ಆಡಿದವನಿಗೇ ಆ ಕೊನೆಯ ಮಾತು ದಕ್ಕಿದ್ದು. ದೇವರು ಇದ್ದಾನೆ ಅಂತ ನಂಬದವನು ಯಾರ ಹತ್ತಿರ ಜಗಳ ಆಡ್ತಾನೆ? ಅಳು ಅಪನಂಬಿಕೆಯಲ್ಲ. ಅಪ್ಪನ ಮುಂದೆ ಮಾತ್ರ ಮಗು ಹಾಗೆ ಬಿದ್ದು ಬಿದ್ದು ಅಳೋದು.

ಟೀಕೆ ಮಾಡಿದರೆ ಸಾಲದು, ಏನು ಮಾಡಬೇಕು ಹೇಳಿ ಅಂತೀರಿ. ಹೇಳ್ತೀನಿ. ದೊಡ್ಡ ಕೆಲಸಗಳೇನಲ್ಲ.

ಸಭಾಪಾಲಕರು, ಫಾದರ್‌ಗಳು, ಪಾಸ್ಟರ್‌ಗಳು ವೇದಿಕೆಯ ಮೇಲಿಂದ ತಿಂಗಳಿಗೊಮ್ಮೆಯಾದರೂ ಒಂದು ಮಾತು ಗಟ್ಟಿಯಾಗಿ ಹೇಳಲಿ: ಪ್ರಾರ್ಥನೆ ಮಾಡಿ, ಮಾತ್ರೆಯನ್ನೂ ನುಂಗಿ. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ ಸಿಗುತ್ತೆ. ಆರು ತಿಂಗಳ ಮಾತ್ರೆಯನ್ನು ಎರಡೇ ತಿಂಗಳಿಗೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯವಾಗಿ ವಾಪಸ್ ಬರಬಹುದು, ಮನೆಯವರಿಗೂ ಹರಡಬಹುದು. ಶುಗರ್, ಬಿಪಿ, ಮೂರ್ಛೆರೋಗ ಯಾವುದರ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಬಿಡಿಸುವ ಅಧಿಕಾರ ಯಾವ ಬೋಧಕರಿಗೂ ಇಲ್ಲ. ಹಾಗೆ ಬಿಡಿಸುವವರು ಬಂದರೆ ಹೊಸಿಲ ಹೊರಗೇ ನಿಲ್ಲಿಸಿ.

ಸಾಕ್ಷಿ ಹೇಳುವ ಸಮಯದಲ್ಲಿ ವಾಸಿಯಾದವರನ್ನು ಮಾತ್ರ ಕರೆಯಬೇಡಿ. ವಾಸಿಯಾಗದೆ ಹತ್ತು ವರ್ಷದಿಂದ ಡಯಾಲಿಸಿಸ್‌ಗೆ ಹೋಗ್ತಾ ಇದ್ದು, ಇನ್ನೂ ದೇವರನ್ನು ಬಿಡದವರನ್ನು ಕರೆಯಿರಿ. ಮಗನನ್ನು ಮಣ್ಣು ಮಾಡಿ ಮಾರನೇ ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂರುವ ತಾಯಿಗೆ ಐದು ನಿಮಿಷ ಮೈಕು ಕೊಡಿ. ಆಕೆ ಹಾಡದೆ ಸುಮ್ಮನೆ ನಿಂತರೂ ಅದು ಸಾಕ್ಷಿಯೇ.

ಕಾಣಿಕೆ ಪೆಟ್ಟಿಗೆಯಿಂದ ಒಂದು ಪಾಲು ರೋಗಿಗಳ ಬಸ್ ಚಾರ್ಜಿಗೆ, ಔಷಧಿಗೆ ಇಡಿ. ಅರಸೀಕೆರೆಯಿಂದ ಹಾಸನಕ್ಕೆ ಹೋಗಿ ಬರೋಕೆ ದುಡ್ಡಿಲ್ಲದೆ ಚಿಕಿತ್ಸೆ ಬಿಟ್ಟವರು ನಮ್ಮ ಸಭೆಗಳಲ್ಲೇ ಇದ್ದಾರೆ. ಅವರಿಗೆ ಕಡಿಮೆ ಬಿದ್ದದ್ದು ನಂಬಿಕೆಯಲ್ಲ, ಬಸ್ ಚಾರ್ಜು.

ನನ್ನ ತಂಗಿಯಂಥವರು ಪ್ರತಿ ಸಭೆಯ ಗೇಟಿನ ಹೊರಗೂ ಒಬ್ಬರಾದರೂ ನಿಂತಿರುತ್ತಾರೆ. ಅವರ ಹತ್ತಿರ ಹೋಗಿ, ನೀನು ಮಾಡಿದ್ದೇ ಸರಿ ಅಂತ ಯಾರಾದರೂ ಹೇಳಬೇಕು. ನಾನು ಅವಳಿಗೆ ಹೇಳಿದ್ದೇನೆ, ಹೇಳ್ತಾನೇ ಇರ್ತೀನಿ. ಆದರೆ ಅಣ್ಣ ಹೇಳಿದರೆ ಸಾಲದು. ಆ ಮಾತು ಸಭೆಯ ಬಾಯಿಂದ ಬರಬೇಕು, ಯಾಕಂದರೆ ಆ ಹೊರೆಯನ್ನು ಅವಳ ತಲೆ ಮೇಲೆ ಇಟ್ಟದ್ದು ಸಭೆಯ ಹೆಸರಿನಲ್ಲೇ.

ಕಷ್ಟ ಬಂದ ಮನೆಗೆ ಹೋಗುವವರಿಗೆ ಕೊನೇ ಮಾತು. ಬೈಬಲ್ ತಗೊಂಡು ಹೋಗಿ, ಬೇಡ ಅನ್ನಲ್ಲ. ತಕ್ಕಡಿ ಮನೆಯಲ್ಲೇ ಬಿಟ್ಟು ಹೋಗಿ. ಏಳು ದಿನ ಆಗದಿದ್ದರೂ ಏಳು ನಿಮಿಷವಾದರೂ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತುಕೊಳ್ಳಿ. ಹೋಗುವಾಗ ಮಾತ್ರೆ ಆಯ್ತಾ ಅಂತ ಕೇಳಿ, ಆಗಿಲ್ಲದಿದ್ದರೆ ಎದ್ದು ಒಂದು ಲೋಟ ನೀರು ತಂದುಕೊಡಿ.